ಗಿಟಾರಿನ ಗದ್ದಲವೂ ಪ್ರತಿಭಟನೆಯೇ

ಮಾನ್ಯ ಸಂಪಾದಕರೇ,

ಬ್ರೆಜಿಲ್‌ನಲ್ಲಿ ಸೈನ್ಯದ ಆಳ್ವಿಕೆಯಿದ್ದಾಗ ಹುಟ್ಟಿದ ಹಾಡುಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಅಲ್ಲಿನ ಓಸ್ ಮುಟಾಂಟಿಸ್ ಎಂಬ ರಾಕ್ ತಂಡವನ್ನು ಹೊರದೇಶದ ಫ್ಯಾಷನ್ನಿಗೆ ಮರುಳಾದ ಹುಡುಗರು ಎಂದು ಲೇಖಕರು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದಾರೆ. ಅದನ್ನು ಒಪ್ಪಲಾರೆ.

ಇದೇ ದೂರನ್ನು ಅಲ್ಲಿನವರೂ ಆಗ ಹೇಳುತ್ತಿದ್ದರು. 1967ರ ಜುಲೈನಲ್ಲಿ ಸಾವೊ ಪೌಲೊದಲ್ಲಿ ಎಲೆಕ್ಟ್ರಿಕ್ ಗಿಟಾರ್ ವಿರುದ್ಧ ಮೆರವಣಿಗೆಯೇ ನಡೆಯಿತು. ಸೈನ್ಯ ಅಧಿಕಾರ ಹಿಡಿದು ಮೂರು ವರ್ಷ ಆಗಿತ್ತು, ಇವರಿಗೆ ಬೈಯಲು ಸಿಕ್ಕಿದ್ದು ಗಿಟಾರು! ಗಮ್ಮತ್ತೆಂದರೆ, ಆ ಮೆರವಣಿಗೆಯಲ್ಲಿದ್ದ ಹಾಡುಗಾರ ಜಿಲ್‌ಬೆರ್ಟೊ ಜಿಲ್ ಅಕ್ಟೋಬರ್‌ನಲ್ಲಿ ಮುಟಾಂಟಿಸ್ ಹುಡುಗರನ್ನೇ ಜೊತೆಗೆ ಕಟ್ಟಿಕೊಂಡು ಟೀವಿಯ ಹಾಡಿನ ಸ್ಪರ್ಧೆಗೆ ಹೋದರು. ಎರಡನೇ ಬಹುಮಾನವೂ ಬಂತು.

ಮರುವರ್ಷ ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಹಾಡುಗಾರ ಕಯೆಟಾನೊ ವೆಲೋಸೊ ಇದೇ ತಂಡದೊಂದಿಗೆ ವಿಶ್ವವಿದ್ಯಾಲಯದ ರಂಗಮಂದಿರವೊಂದರಲ್ಲಿ ಹಾಡಿದಾಗ ವಿದ್ಯಾರ್ಥಿಗಳು ಕೂಗಿ ಗಲಾಟೆ ಮಾಡಿದರು. ಕಯೆಟಾನೊ ಹಾಡು ಬಿಟ್ಟು ಅವರನ್ನು ತರಾಟೆಗೆ ತೆಗೆದುಕೊಂಡರು. ಮುಟಾಂಟಿಸ್ ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಂತು ನುಡಿಸುತ್ತಲೇ ಇದ್ದರು.

ಸೈನ್ಯಕ್ಕೆ ಮಾತ್ರ ಇವರು ಯಾರೆಂಬ ಬಗ್ಗೆ ಗೊಂದಲ ಇರಲಿಲ್ಲ. 1968ರ ಡಿಸೆಂಬರ್ 13ರಂದು ಸೈನ್ಯದ ಸರ್ಕಾರಕ್ಕೆ ಎದುರಿಲ್ಲದ ಅಧಿಕಾರ ಕೊಟ್ಟ ಐದನೇ ಸಾಂಸ್ಥಿಕ ಕಾಯ್ದೆ ಬಂತು, ಸಂಸತ್ತಿಗೆ ಬೀಗ ಬಿತ್ತು. ಎರಡು ವಾರದಲ್ಲಿ ಕಯೆಟಾನೊ ಮತ್ತು ಜಿಲ್ ಜೈಲಿನಲ್ಲಿದ್ದರು. ತಲೆ ಬೋಳಿಸಿದರು. ಮುಂದಿನ ವರ್ಷ ದೇಶದಿಂದಲೇ ಹೊರಗಟ್ಟಿದರು. 1972ರವರೆಗೆ ಲಂಡನ್ನೇ ಗತಿ. ಘೋಷಣೆ ಕೂಗದವರ ಮೇಲೆ ಇಷ್ಟೊಂದು ಸಿಟ್ಟು ಯಾಕೆ ಎಂದು ಲೇಖಕರು ಕೇಳಿಕೊಳ್ಳಬೇಕಿತ್ತು ಅಲ್ವಾ?

ನಾನು ರೇಡಿಯೊ ರಿಪೇರಿ ಮಾಡಿಕೊಂಡು ಬದುಕಿದವನು. ನನಗೆ ಮೊದಲು ಕೇಳಿಸುವುದು ಸದ್ದು, ಆಮೇಲೆ ಸಾಹಿತ್ಯ. ಮುಟಾಂಟಿಸ್ ಗಿಟಾರಿನಲ್ಲಿ ಕೇಳುವ ಫಜ್ ಎಂದರೆ ಸಿಗ್ನಲ್ಲನ್ನು ಬೇಕೆಂದೇ ಮಿತಿಮೀರಿ ಏರಿಸಿ, ಅಲೆಯ ನೆತ್ತಿ ಕತ್ತರಿಸಿ ಹೊರಡಿಸುವ ಗೊರಗೊರ. ಜೀವನಪೂರ್ತಿ ನಾನು ಆ ಗೊರಗೊರ ಹೋಗಲಾಡಿಸಿಯೇ ಸಂಪಾದಿಸಿದ್ದು! ಈ ತಂಡದ ಸೆರ್ಜಿಯೊ ಮತ್ತು ಆರ್ನಾಲ್ಡೊಗೆ ಕ್ಲಾಡಿಯೊ ಎಂಬ ಅಣ್ಣ ಇದ್ದರು. ಗಿಟಾರು, ಫಜ್ ಪೆಟ್ಟಿಗೆ ಎಲ್ಲವನ್ನೂ ಸ್ವಂತ ಕೈಯಿಂದ ಮಾಡಿಕೊಡುತ್ತಿದ್ದರು. ಒಂದು ಹಾಡಿನಲ್ಲಂತೂ ತಾಳಕ್ಕೆ ಸೊಳ್ಳೆ ಔಷಧಿ ಹೊಡೆಯುವ ಪಂಪನ್ನೇ ಬಳಸಿದ್ದಾರೆ. ಇದನ್ನು ನಕಲು ಎನ್ನುವುದು ಹೇಗೆ?

ಹಾಡಿನ ಸಾಲುಗಳನ್ನು ಸೆನ್ಸಾರ್‌ನವರಿಗೆ ಒಪ್ಪಿಸಬೇಕಿದ್ದ ಕಾಲ ಅದು. ಸಾಲು ಹೊಡೆದುಹಾಕಬಹುದು. ಕಾಗದದ ಮೇಲೆ ಕಾಣದ ಗೊರಗೊರವನ್ನು ಏನು ಮಾಡುತ್ತಾರೆ?

ಹಾಗಂತ ಮುಟಾಂಟಿಸ್‌ನವರನ್ನು ವೀರರ ಪಟ್ಟಿಗೆ ಸೇರಿಸಿ ಎನ್ನುತ್ತಿಲ್ಲ. ಅವರು ಜೈಲಿಗೆ ಹೋಗಲಿಲ್ಲ. ಹಾಡುಗಾರ ಜೆರಾಲ್ಡೊ ವಾಂಡ್ರೆ ಬರೀ ಒಂದು ಗಿಟಾರ್ ಹಿಡಿದು ಹಾಡಿ, ಹಾಡು ನಿಷೇಧವಾಗಿ, ದೇಶ ಬಿಟ್ಟರು. ಲೇಖಕರು ಅವರಿಗೆ ಕೊಟ್ಟ ಗೌರವ ಸರಿಯಾಗಿಯೇ ಇದೆ.

ಎರಡನೇ ಭಾಗ ಮುಂದಿನ ವಾರ ಎಂದಿದ್ದೀರಿ. ಅದಕ್ಕೆ ಮೊದಲು ಲೇಖಕರು ಮುಟಾಂಟಿಸ್‌ನ 1968ರ ಮೊದಲ ಆಲ್ಬಮ್ ಕೇಳಲಿ, ಹೆಡ್‌ಫೋನ್ ಹಾಕಿಕೊಂಡು. ಮೊದಲ ಹಾಡು ನಡುವೆ ಎಳೆದೆಳೆದು ನಿಂತೇಹೋಗುತ್ತದೆ. ಪ್ಲೇಯರ್ ಕೆಟ್ಟಿಲ್ಲ, ಗಾಬರಿ ಬೇಡ.

ಇಂತಿ,
ನಿಮ್ಮ ಹಳೆಯ ಓದುಗ,
ನಿವೃತ್ತ ರೇಡಿಯೊ ಮೆಕ್ಯಾನಿಕ್