ಬಾಖ್‌ನ ಮನೆ, ಬಾಖ್‌ನ ಪಾಠ: ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಮಿತ್ರರೇ,

ಜರ್ಮನಿಯ ಸಂಗೀತ ರಚನೆಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ನನ್ನು ಸಂಗೀತದ ಮೇಷ್ಟರಾಗಿ, ಸಂಸಾರಸ್ಥನಾಗಿ ಕನ್ನಡದಲ್ಲಿ ಬರೆಯಬೇಕೆಂಬ ನಿಮ್ಮ ಯೋಚನೆ ನನಗೆ ತುಂಬ ಹಿಡಿಸಿತು. ಆದರೆ ಕರಡಿನ ಮೊದಲ ಪುಟಗಳ ತುಂಬ 'ತಪಸ್ಸು', 'ಸಮರ್ಪಣೆ', 'ಮಹಾನ್ ಚೇತನ' ಇವೆ. ಅಭಿನಂದನ ಗ್ರಂಥಗಳನ್ನು ಓದಿ ಓದಿ ನಮಗೆಲ್ಲ ಅಂಟಿದ ಅಭ್ಯಾಸ ಇದು. ಎಲ್ಲವನ್ನೂ ತೆಗೆದುಹಾಕಿ. ಬಾಖ್ ಮಗನಿಗೆ ಬರೆದುಕೊಟ್ಟ ಪಾಠದ ಪುಸ್ತಕ ಉಳಿದಿದೆ, ನಗರಸಭೆಗೆ ಬರೆದ ಅರ್ಜಿ ಉಳಿದಿದೆ, ಸಾಲ ಮಾಡಿ ಮರೆಯಾದ ಮಗನ ಬಗ್ಗೆ ಬರೆದ ಕಾಗದವೂ ಉಳಿದಿದೆ. ಇವನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಅವನ ನಿಷ್ಠೆ ಎಂಥದ್ದೆಂದು ಓದುಗರಿಗೇ ಕಾಣುತ್ತದೆ.

1685ರ ಜನನದಿಂದ ಶುರುಮಾಡಬೇಡಿ. 1720ರ ಜನವರಿ 22ರಿಂದ ಮಾಡಿ. ಅಂದು ಕೋಥೆನ್ ಊರಿನಲ್ಲಿ ಬಾಖ್ ತನ್ನ ಹಿರಿಯ ಮಗ, ಒಂಬತ್ತು ವರ್ಷದ ವಿಲ್ಹೆಲ್ಮ್ ಫ್ರೀಡೆಮಾನ್‌ಗಾಗಿ ಕೀಬೋರ್ಡ್ ಪಾಠದ ಪುಸ್ತಕವೊಂದನ್ನು ತೆರೆದ. ಅದನ್ನು ಪುಟ ಪುಟವಾಗಿ ವರ್ಣಿಸಿ, ಅವಸರ ಬೇಡ. ಮೊದಲು ಸ್ವರಗಳನ್ನು ಗುರುತಿಸುವ ಬಗೆ, ಆಮೇಲೆ ಅಲಂಕಾರದ ಚಿಹ್ನೆಗಳೂ ಅವನ್ನು ನುಡಿಸುವ ರೀತಿಯೂ, ಆಮೇಲೆ ಪ್ರತಿ ಸ್ವರದ ಮೇಲೂ ಬೆರಳಿನ ಸಂಖ್ಯೆ ಬರೆದ ಪುಟ್ಟ ರಚನೆ. ಅದರಲ್ಲಿ ಬಲಗೈ ಏರುವುದು ಮೂರನೆಯ ಬೆರಳು, ನಾಲ್ಕನೆಯದು, ಮತ್ತೆ ಮೂರು, ಮತ್ತೆ ನಾಲ್ಕು ಎಂದು. ಹೆಬ್ಬೆರಳನ್ನು ಅಡಿಯಿಂದ ದಾಟಿಸುವ ಇಂದಿನ ಕ್ರಮ ಅಲ್ಲಿಲ್ಲ. ಹೆಬ್ಬೆರಳಿಗೆ ಹೆಚ್ಚು ಕೆಲಸ ಕೊಟ್ಟವನೇ ತನ್ನ ತಂದೆ ಎಂದು ಇನ್ನೊಬ್ಬ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ ಬರೆದಿದ್ದಾನೆ. ಹಾಗಿದ್ದೂ ಮಗನಿಗೆ ಬರೆದುಕೊಟ್ಟ ಪುಟದಲ್ಲಿ ಹಳೆಯ ಕ್ರಮ ಇದೆ. ಮೇಷ್ಟರ ಗುಣ ತೋರಿಸಲು ನಿಮಗೆ ಇದಕ್ಕಿಂತ ಒಳ್ಳೆಯ ಪುಟ ಸಿಗದು. ಎರಡು ಧ್ವನಿಯ, ಅಂದರೆ ಒಟ್ಟಿಗೆ ಸಾಗುವ ಎರಡು ಸ್ವತಂತ್ರ ಸ್ವರಸಾಲುಗಳ, 'ಇನ್ವೆನ್ಷನ್' ಎಂಬ ಪುಟ್ಟ ರಚನೆಗಳು ಮೊದಲು ಹುಟ್ಟಿದ್ದೂ ಈ ಪುಸ್ತಕದಲ್ಲೇ, ಬೇರೆ ಹೆಸರಿನಲ್ಲಿ. 1723ರಲ್ಲಿ ಹದಿನೈದನ್ನು ಎರಡು ಧ್ವನಿಗೆ, ಹದಿನೈದನ್ನು ಮೂರು ಧ್ವನಿಗೆ ಅವನು ಅಂದವಾಗಿ ನಕಲು ಮಾಡಿದ. ಮುಖಪುಟದಲ್ಲಿ ಗುರಿಯನ್ನೂ ಬರೆದ: ಧ್ವನಿಗಳನ್ನು ಸ್ವಚ್ಛವಾಗಿ ನುಡಿಸುವುದು, ಒಳ್ಳೆಯ ಕಲ್ಪನೆ ಹುಟ್ಟಿಸಿ ಬೆಳೆಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಹಾಡಿದ ಹಾಗೆ ನುಡಿಸುವುದು.

ಅದೇ 1720ರ ಜುಲೈನಲ್ಲಿ, ಬಾಖ್ ತನ್ನ ಒಡೆಯ ಕೋಥೆನ್ ರಾಜಕುಮಾರನ ಜೊತೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದಾಗ, ಹೆಂಡತಿ ಮರಿಯಾ ಬಾರ್ಬರಾ ತೀರಿಕೊಂಡಳು. ಅವನು ಮನೆಗೆ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಇದನ್ನು ಎರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಅವನ ದುಃಖವನ್ನು ನೀವು ಕಲ್ಪಿಸಿ ಬರೆದರೆ ಅದು ನಿಮ್ಮ ದುಃಖವಾಗುತ್ತದೆ. ಮಗನ ಪಾಠದ ಪುಸ್ತಕ ಅದಾದ ಮೇಲೂ ತುಂಬುತ್ತಾ ಹೋಯಿತು, ಅಷ್ಟು ತಿಳಿಸಿದರೆ ಸಾಕು. 1721ರ ಡಿಸೆಂಬರ್‌ನಲ್ಲಿ ಆಸ್ಥಾನದ ಗಾಯಕಿ, ಇಪ್ಪತ್ತರ ಹರೆಯದ ಅನಾ ಮಾಗ್ದಲೇನಾಳನ್ನು ಮದುವೆಯಾದ. ಎರಡೂ ಮದುವೆಯಿಂದ ಇಪ್ಪತ್ತು ಮಕ್ಕಳು. ದೊಡ್ಡವರಾಗುವವರೆಗೆ ಬದುಕಿದ್ದು ಹತ್ತು.

ಪಾಠ ಹೇಗೆ ನಡೆಯುತ್ತಿತ್ತು ಎಂಬ ಅಧ್ಯಾಯಕ್ಕೆ ಬಂದಾಗ ಸಾಕ್ಷಿಗಳನ್ನು ತೂಗಿ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಕಾರ್ಲ್ ಫಿಲಿಪ್ ಆ ಮನೆಯಲ್ಲೇ ಕಲಿತವನು, ಅವನ ಮಾತು ಮೊದಲ ದರ್ಜೆಯದು. ಗೆರ್ಬರ್ ಎಂಬ ಶಿಷ್ಯನ ಅನುಭವ ನಮಗೆ ಸಿಕ್ಕಿದ್ದು ಅವನ ಮಗನ ಬರಹದಿಂದ. ಜೀವನಚರಿತ್ರೆ ಬರೆದ ಫೋರ್ಕೆಲ್ ಹುಟ್ಟಿದ್ದೇ 1749ರಲ್ಲಿ. ಅವನು ಬಾಖ್‌ನನ್ನು ಕಂಡವನಲ್ಲ, ಗಂಡುಮಕ್ಕಳಿಂದ ಕೇಳಿ ತಿಳಿದವನು. ಹೊಸಬರು ಆರರಿಂದ ಹನ್ನೆರಡು ತಿಂಗಳು ಬರೀ ಬೆರಳಿನ ಅಭ್ಯಾಸ ಮಾಡಬೇಕಿತ್ತು, ಮಕ್ಕಳು ಬೇಸತ್ತರೆ ಬಾಖ್ ಅದೇ ಅಭ್ಯಾಸವನ್ನು ಅಡಗಿಸಿಟ್ಟ ಪುಟ್ಟ ರಚನೆ ಬರೆದುಕೊಡುತ್ತಿದ್ದ ಎಂಬುದು ಫೋರ್ಕೆಲ್ ಹೇಳಿದ್ದು. 'ಫೋರ್ಕೆಲ್ ಪ್ರಕಾರ' ಎಂದೇ ಬರೆಯಿರಿ. ನಮ್ಮ ಓದುಗರಿಗೆ ಸರಳೆ ವರಸೆ, ಜಂಟಿ ವರಸೆ ನೆನಪಾಗುತ್ತದೆ, ಆಗಲಿ. ಆದರೆ ನಮ್ಮ ಸರಳೆ ಎಲ್ಲ ಮಕ್ಕಳಿಗೂ ಒಂದೇ. ಇಲ್ಲಿ ಎದುರಿಗೆ ಕೂತ ಮಗುವಿನ ಬೇಸರ ನೋಡಿ ಹೊಸದು ಹುಟ್ಟುತ್ತಿತ್ತು. ಈ ವ್ಯತ್ಯಾಸವನ್ನು ಬಿಡಬೇಡಿ.

ರಚನೆ ಕಲಿಸುವ ಕ್ರಮವನ್ನು ಕಾರ್ಲ್ ಫಿಲಿಪ್ 1775ರ ಒಂದು ಕಾಗದದಲ್ಲಿ ವಿವರಿಸಿದ್ದಾನೆ. ಮೊದಲು ಬೇಸ್ ಎಂಬ ಕೆಳಧ್ವನಿಯ ಮೇಲೆ ನಾಲ್ಕು ಧ್ವನಿಯನ್ನು ಶುದ್ಧವಾಗಿ ಕಟ್ಟುವ ಪಾಠ, ಆಮೇಲೆ ಚರ್ಚಿನ ಕೀರ್ತನೆಗಳು. ಬೇಸ್ ಧ್ವನಿಯನ್ನು ಮೇಷ್ಟರೇ ಕೊಡುತ್ತಿದ್ದರು, ನಡುವಿನ ಎರಡು ಧ್ವನಿ ಶಿಷ್ಯನ ಪಾಲು. ಅದು ಕೈಗೆ ಬಂದ ಮೇಲೆ ಬೇಸನ್ನೂ ಅವನೇ ಕಟ್ಟಬೇಕು. ಫ್ಯೂಗ್‌ಗಳನ್ನು (ಒಂದೇ ಸ್ವರಖಂಡವನ್ನು ಧ್ವನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ಎರಡು ಧ್ವನಿಯಿಂದಲೇ ಶುರು ಮಾಡಿಸುತ್ತಿದ್ದ. ಸ್ವಂತ ಕಲ್ಪನೆ ಇಲ್ಲದವರಿಗೆ ರಚನೆಯ ಗೊಡವೆ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತಿದ್ದ. ಈ ಕೊನೆಯ ಮಾತನ್ನು ಮೆದು ಮಾಡಬೇಡಿ. ಜೊತೆಗೆ ಗೆರ್ಬರ್‌ನ ಪ್ರಸಂಗ ಇಡಿ: ಇವತ್ತು ಪಾಠ ಮಾಡಲು ಮನಸ್ಸಿಲ್ಲ ಎಂಬ ನೆಪ ಹೇಳಿ ಬಾಖ್ ತಾನೇ ವಾದ್ಯದ ಮುಂದೆ ಕೂತು, ಎಲ್ಲ ಶ್ರುತಿಗಳ ಪ್ರಿಲ್ಯೂಡ್–ಫ್ಯೂಗ್‌ಗಳನ್ನು ಒಟ್ಟು ಮೂರು ಸಲ ಅವನಿಗೆ ನುಡಿಸಿ ಕೇಳಿಸಿದ್ದ.

1723ರಿಂದ ಲೈಪ್‌ಜಿಗ್. ಇಲ್ಲಿ ಅವನು ನಗರಸಭೆಯ ಕೆಳಗೆ ಚರ್ಚಿನ ಶಾಲೆಯೊಂದರ ಸಂಗೀತದ ಮೇಷ್ಟರು. ಮನೆಯೂ ಶಾಲೆಯೂ ಒಂದೇ ಕಟ್ಟಡ. ಆದ್ದರಿಂದ 'ವೃತ್ತಿ', 'ಕುಟುಂಬ' ಎಂದು ಎರಡು ಅಧ್ಯಾಯ ಮಾಡಿದಿರೋ ಪುಸ್ತಕ ಕೆಟ್ಟಿತು. ನಾಲ್ಕು ವಾರಕ್ಕೊಮ್ಮೆ ಹಾಸ್ಟೆಲ್ ಹುಡುಗರನ್ನು ಏಳಿಸುವುದರಿಂದ ಮಲಗಿಸುವವರೆಗೆ ನೋಡಿಕೊಳ್ಳುವ ಸರದಿ ಅವನದು. ಲ್ಯಾಟಿನ್ ಪಾಠ ತಪ್ಪಿಸಿಕೊಳ್ಳಲು ವರ್ಷಕ್ಕೆ 50 ಥಾಲರ್ (ಅಂದಿನ ಬೆಳ್ಳಿ ನಾಣ್ಯ) ತನ್ನ ಕೈಯಿಂದಲೇ ಕೊಟ್ಟು ಬೇರೆಯವರನ್ನು ಇಟ್ಟಿದ್ದ. ಭಾನುವಾರದ ಹಾಡಿನ ಪ್ರತಿಗಳನ್ನು ಬರೆಯಲು ಶಿಷ್ಯರು, ಮಕ್ಕಳು, ಹೆಂಡತಿ ಎಲ್ಲರೂ ಕೈಹಾಕುತ್ತಿದ್ದರು. ಅನಾ ಮಾಗ್ದಲೇನಾಳ ಬರವಣಿಗೆ ಗಂಡನದನ್ನೇ ಹೋಲುತ್ತದೆ.

1730ರ ಎರಡು ಕಾಗದಗಳನ್ನು ಎದುರುಬದುರು ಇಡಿ. ಆಗಸ್ಟ್‌ನಲ್ಲಿ ನಗರಸಭೆಗೆ ಬರೆದದ್ದರಲ್ಲಿ ಶಾಲೆಯ ಹಾಡುವ ಹುಡುಗರ ಲೆಕ್ಕ: ಕೆಲಸಕ್ಕೆ ಬರುವವರು 17, ಇನ್ನೂ ತಯಾರಾಗಬೇಕಾದವರು 20, ಆಗದವರು 17. ಅಕ್ಟೋಬರ್‌ನಲ್ಲಿ ಹಳೆಯ ಗೆಳೆಯ ಎರ್ಡ್‌ಮಾನ್‌ಗೆ ಬರೆದದ್ದರಲ್ಲಿ ಮನೆಯ ಲೆಕ್ಕ: ವರಮಾನ ಸುಮಾರು 700 ಥಾಲರ್, ಅದು ಶವಸಂಸ್ಕಾರಗಳ ಮೇಲೆ ನಿಂತಿದ್ದು, ಹಿಂದಿನ ವರ್ಷ ಊರಿನ ಹವೆ ಚೆನ್ನಾಗಿದ್ದು ಸಾವು ಕಡಿಮೆಯಾದ್ದರಿಂದ ನೂರಕ್ಕೂ ಮಿಕ್ಕಿ ನಷ್ಟ. ಅದೇ ಕಾಗದದಲ್ಲಿ, ಮನೆಯವರನ್ನೇ ಸೇರಿಸಿ ಕಛೇರಿ ಮಾಡಬಲ್ಲೆ, ಹೆಂಡತಿಯ ಕಂಠ ಸ್ವಚ್ಛ, ಹಿರಿಯ ಮಗಳೂ ಪರವಾಗಿಲ್ಲ ಎಂಬ ಹೆಮ್ಮೆ. ಶಾಲೆಯಲ್ಲಿ ಸಿಗದ ಮೇಳ ಮನೆಯಲ್ಲಿ ಸಿಕ್ಕಿತ್ತು. ಅದನ್ನು ನೀವು ಬಾಯಿಬಿಟ್ಟು ಹೇಳಬೇಡಿ, ಎರಡು ಕಾಗದಗಳೇ ಹೇಳಲಿ.

ಗೆದ್ದ ಮಕ್ಕಳನ್ನಷ್ಟೇ ಬರೆದರೆ ತಂದೆ ಅರ್ಧ ಮಾತ್ರ ಕಾಣುತ್ತಾನೆ. 1733ರಲ್ಲಿ ಫ್ರೀಡೆಮಾನ್‌ನ ಡ್ರೆಸ್ಡೆನ್ ಕೆಲಸದ ಅರ್ಜಿಯನ್ನು ಮಗನ ಹೆಸರಿನಲ್ಲಿ ಅಪ್ಪನೇ ಬರೆದ. ಗಾಟ್‌ಫ್ರೀಡ್ ಬೆರ್ನ್‌ಹಾರ್ಡ್‌ಗೂ ಹಾಗೆಯೇ ಕೆಲಸ ಹುಡುಕಿಕೊಟ್ಟಿದ್ದ. ಅವನು ಸಾಲ ಮಾಡಿ ಊರು ಬಿಟ್ಟ. 1738ರ ಮೇ ತಿಂಗಳ ಕಾಗದದಲ್ಲಿ ಬಾಖ್ ಹಿಂದೆ ತೀರಿಸಿದ ಸಾಲಗಳನ್ನು ನೆನೆದು, ಬುದ್ಧಿಮಾತೂ ಪ್ರೀತಿಯೂ ಸಾಲದೆ ಹೋದಾಗ ದೇವರ ಕೈಗೆ ಬಿಡುವುದಷ್ಟೇ ಉಳಿದದ್ದು ಎನ್ನುತ್ತಾನೆ. ಮರುವರ್ಷ ಆ ಮಗ ತೀರಿಕೊಂಡ. ಇದರ ಪಕ್ಕದಲ್ಲಿ ಶಿಷ್ಯ ಆಲ್ಟ್‌ನಿಕೋಲ್‌ನನ್ನು ತನ್ನಿ: 1748ರಲ್ಲಿ ಅವನಿಗೆ ನೌಮ್‌ಬುರ್ಗ್‌ನಲ್ಲಿ ಕೆಲಸ ಕೊಡಿಸಿ, ಮರುವರ್ಷ ಮಗಳನ್ನೂ ಕೊಟ್ಟ.

ಎರಡು ಹೊಂಡಗಳಿವೆ, ಬೀಳಬೇಡಿ. ಪಿಯಾನೊ ಕಲಿಯುವ ಮಕ್ಕಳೆಲ್ಲ ನುಡಿಸುವ ಜಿ ಮೇಜರ್ ಮಿನ್ಯುಯೆಟ್ 1725ರಲ್ಲಿ ಶುರುವಾದ ಅನಾ ಮಾಗ್ದಲೇನಾಳ ಸಂಗೀತದ ಪುಸ್ತಕದಲ್ಲಿದೆ ನಿಜ, ಆದರೆ ರಚನೆ ಬಾಖ್ ಅಲ್ಲ, ಬೇರೊಬ್ಬ ರಚನೆಕಾರ ಕ್ರಿಶ್ಚಿಯನ್ ಪೆಟ್ಸೋಲ್ಡ್‌ನದು. ಇನ್ನೊಂದು, ಅನಾ ಮಾಗ್ದಲೇನಾಳೇ ತನ್ನ ಕಥೆ ಹೇಳುವ ಹಾಗೆ ಬೇರೆಯವರು ಬರೆದು 1925ರಲ್ಲಿ ಇಂಗ್ಲಿಷಿನಲ್ಲಿ ಬಂದ ಕಾದಂಬರಿ. ಅದನ್ನು ನಿಜವಾದ ದಿನಚರಿ ಎಂದು ನಂಬಿ ಅಲ್ಲಿನ ಪ್ರಸಂಗಗಳನ್ನು ಎತ್ತಿಕೊಂಡವರು ಬಹಳ. ನಿಮ್ಮ ಕರಡಿನ ನಾಲ್ಕನೆಯ ಪುಟದ ದೀಪದ ಬೆಳಕಿನ ದೃಶ್ಯಕ್ಕೆ ಆಧಾರ ಎಲ್ಲಿಂದ ಬಂತೆಂದು ಪರೀಕ್ಷಿಸಿ.

ಪುಸ್ತಕವನ್ನು ಬಾಖ್ ತೀರಿಕೊಂಡ 1750ಕ್ಕೆ ಮುಗಿಸಬೇಡಿ. ಅವನು ಉಯಿಲು ಬರೆದಿರಲಿಲ್ಲ. ಆಸ್ತಿಯಲ್ಲಿ ಮೂರರಲ್ಲೊಂದು ಪಾಲು ಹೆಂಡತಿಗೆ, ಉಳಿದದ್ದು ಮಕ್ಕಳಿಗೆ ಹಂಚಿಹೋಯಿತು. ಅನಾ ಮಾಗ್ದಲೇನಾ 1760ರ ಫೆಬ್ರವರಿಯಲ್ಲಿ ಊರಿನ ದತ್ತಿಯ ಮೇಲೆ ಬದುಕುತ್ತಾ ತೀರಿಕೊಂಡಳು. ಆ ಹತ್ತು ವರ್ಷಕ್ಕೆ ಒಂದು ಅಧ್ಯಾಯ ಕೊಡಿ, ಚಿಕ್ಕದಾದರೂ ಸರಿ. 1720ರ ಅಧ್ಯಾಯ ಮೊದಲು ಬರೆದು ಕಳಿಸಿ. ಬೆರಳಿನ ಸಂಖ್ಯೆಗಳನ್ನು ಹಸ್ತಪ್ರತಿಯ ಚಿತ್ರ ಎದುರಿಗಿಟ್ಟುಕೊಂಡೇ ಬರೆಯಿರಿ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ