ಬೆಟ್ಟದ ದಿನ ಬೇರೆ, ಡ್ರೋನಿನ ದಿನ ಬೇರೆ

ಪ್ರೀತಿಯ ಅಪ್ಪ, ಅಮ್ಮ ಮತ್ತು ಪುಟ್ಟನಿಗೆ,

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವೆಲ್ಲ ಚೆನ್ನಾಗಿದ್ದೀರಿ ಅಂತ ನಂಬಿದ್ದೇನೆ. ಫೋನಿನಲ್ಲಿ ಆಗಾಗ ಮಾತಾಡಿದರೂ ಕೆಲವು ವಿಷಯ ಅಲ್ಲಿ ಪೂರ್ತಿ ಆಗುವುದೇ ಇಲ್ಲ. ಅಪ್ಪ, ನೀವು ಹೋದ ವಾರ ಕೇಳಿದಿರಿ: "ಅಷ್ಟು ಕೆಲಸ ಇರುವಾಗ ಬೆಟ್ಟ, ಡ್ರೋನ್ ಅಂತ ಟೈಮ್ ಎಲ್ಲಿಂದ ಬರುತ್ತೆ? ಕೆಲಸಕ್ಕೆ ತೊಂದರೆ ಆಗಲ್ವಾ?" ಅಮ್ಮ, ನೀನು ಪಕ್ಕದಿಂದ "ಒಬ್ಬಳೇ ಹೋಗಬೇಡ" ಅಂದೆ. ಪುಟ್ಟ ನಡುವೆ ಬಾಯಿ ಹಾಕಿ, ಬರುವಾಗ ತನಗೂ ಒಂದು ಡ್ರೋನ್ ತಾ ಅಂದ. ಮೂವರಿಗೂ ಸರಿಯಾಗಿ ಉತ್ತರ ಹೇಳಬೇಕು ಅನ್ನಿಸಿತು. ಅದಕ್ಕೇ ಈ ಪತ್ರ.

ಮೊದಲು ಅಪ್ಪನ ಪ್ರಶ್ನೆ. ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಹೋದರಾಯಿತು ಅಂದುಕೊಂಡರೆ ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹೊತ್ತು ಉಳಿಯುವುದಿಲ್ಲ. ಒಂದು ಬಗ್, ಅಂದರೆ ಪ್ರೋಗ್ರಾಮಿನ ತಪ್ಪು, ಸರಿಮಾಡಿದರೆ ಇನ್ನೊಂದು ಕಾಯುತ್ತಾ ಇರುತ್ತದೆ. ಹಾಗಾಗಿ ಹೋಗುವ ದಿನವನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ನಮ್ಮ ತಂಡದಲ್ಲಿ ಆನ್‌ಕಾಲ್ ಅಂತ ಒಂದು ಸರದಿ ಇದೆ. ನನ್ನ ಸರದಿಯ ವಾರ ಸರ್ವರ್ ಕೈಕೊಟ್ಟರೆ ಮಧ್ಯರಾತ್ರಿಯಾದರೂ ಫೋನ್ ಬಡಿದುಕೊಳ್ಳುತ್ತದೆ. ಎದ್ದು ಲ್ಯಾಪ್‌ಟಾಪ್ ತೆಗೆದು ನೋಡಬೇಕು. ಆ ವಾರ ಬೆಟ್ಟದ ಮಾತೇ ಇಲ್ಲ. ಕೆಲವರು ಲ್ಯಾಪ್‌ಟಾಪನ್ನು ಬೆನ್ನಿಗೆ ಹಾಕಿಕೊಂಡು ಹತ್ತುತ್ತಾರೆ. ನನಗೆ ಅದು ಇಷ್ಟವಿಲ್ಲ. ಸಿಗ್ನಲ್ ಸಿಗುತ್ತಾ ಅಂತ ನೋಡುತ್ತಾ ನಡೆದರೆ ಕಾಲು ಎಲ್ಲಿ ಇಡುತ್ತೇವೆ ಅನ್ನುವುದು ತಪ್ಪಿಹೋಗುತ್ತದೆ. ಕೆಲಸವೂ ಆಗುವುದಿಲ್ಲ, ನಡಿಗೆಯೂ ಆಗುವುದಿಲ್ಲ.

ಸರದಿಯ ಪಟ್ಟಿ ಬಹಳ ಮುಂಚೆಯೇ ಗೊತ್ತಿರುತ್ತದೆ. ಅದು ಕೈಗೆ ಬಂದ ಕೂಡಲೇ ಬಿಡುವಿರುವ ಶನಿವಾರಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡುತ್ತೇನೆ. ಹೊರಡುವ ಹಿಂದಿನ ದಿನ ಹೊಸ ಕೋಡ್ ಬಿಡುಗಡೆ ಮಾಡುವುದಿಲ್ಲ. ಶುಕ್ರವಾರ ಸಂಜೆ ಬಿಟ್ಟ ಕೋಡು ಶನಿವಾರ ಕೆಟ್ಟರೆ ಅದನ್ನು ಬೇರೆಯವರು ಎತ್ತಿಕೊಳ್ಳಬೇಕಾಗುತ್ತದೆ. ಅದು ನ್ಯಾಯವಲ್ಲ. ನಾನು ಎಲ್ಲಿಗೆ ತಂದು ನಿಲ್ಲಿಸಿದ್ದೇನೆ, ಮುಂದೇನು ಬಾಕಿ ಅನ್ನುವುದನ್ನು ನಾಲ್ಕು ಸಾಲು ಬರೆದಿಟ್ಟು ಹೊರಡುತ್ತೇನೆ. ಅಪ್ಪ, ನನ್ನ ಮ್ಯಾನೇಜರ್‌ಗೂ ಇದೆಲ್ಲ ಗೊತ್ತು. ಕದ್ದುಮುಚ್ಚಿ ಹೋಗುವುದು ಏನೂ ಇಲ್ಲ.

ಬೆಟ್ಟ ಹತ್ತಿದರೆ ಕೆಲಸ ಚುರುಕಾಗುತ್ತದೆ ಅಂತ ಹೇಳುವವರಿದ್ದಾರೆ. ಆಗಬಹುದು. ದಿನವಿಡೀ ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆಯಾಗುತ್ತದೆ. ಹತ್ತಿರದ್ದನ್ನೇ ನೋಡಿ ನೋಡಿ ಕಣ್ಣಿನ ಸ್ನಾಯು ಬಿಗಿದುಕೊಂಡಿರುತ್ತದೆ. ದೂರದ ಸಾಲುಬೆಟ್ಟ ನೋಡಿದಾಗ ಅದು ಸಡಿಲವಾಗುವುದು ನಿಜ. ಆದರೆ ಸೋಮವಾರ ಚೆನ್ನಾಗಿ ಕೋಡ್ ಬರೆಯಲಿಕ್ಕೆ ಅಂತ ನಾನು ಶನಿವಾರ ಬೆಟ್ಟಕ್ಕೆ ಹೋಗುವುದಲ್ಲ. ನಡೆಯುವುದು ನನಗೆ ಇಷ್ಟ, ಅದಕ್ಕೆ ಹೋಗುತ್ತೇನೆ. ಬಿಡುವಿನ ದಿನವನ್ನೂ ಕೆಲಸದ ಲೆಕ್ಕಕ್ಕೇ ಬರೆದರೆ ಅದು ಬಿಡುವು ಹೇಗಾಗುತ್ತೆ, ಹೇಳಿ?

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಬೆಟ್ಟ, ಡ್ರೋನ್ ಎರಡನ್ನೂ ನೀವು ಒಟ್ಟಿಗೇ ಹೇಳುತ್ತೀರಿ. ಹೊರಗಿನಿಂದ ಎರಡೂ ಒಂದೇ ಹವ್ಯಾಸದ ಹಾಗೆ ಕಾಣುತ್ತವೆ. ನನಗೆ ಅವು ಬೇರೆ ಬೇರೆ. ನಡೆಯುವಾಗ ಮನಸ್ಸು ಹರಡಿಕೊಳ್ಳುತ್ತದೆ. ಡ್ರೋನ್ ಹಾರಿಸುವಾಗ ಮನಸ್ಸು ಒಂದು ಚುಕ್ಕೆಗೆ ಬಂದು ನಿಲ್ಲುತ್ತದೆ. ಬ್ಯಾಟರಿ ಎಷ್ಟಿದೆ, ಗಾಳಿ ಎಷ್ಟಿದೆ, ಜಾಗ ಗುರುತಿಸಲು ಎಷ್ಟು ಜಿಪಿಎಸ್ ಉಪಗ್ರಹ ಸಿಕ್ಕಿವೆ, ಕೆಳಗೆ ಜನ ಇದ್ದಾರಾ, ಹೀಗೆ ಎಲ್ಲದರ ಮೇಲೂ ನಿಗಾ ಇರಬೇಕು. ಕೈಯಲ್ಲಿ ಇನ್ನೊಂದು ಪರದೆ ಬೇರೆ. ವಾರವಿಡೀ ಪರದೆಯ ಮುಂದೆ ಕೂತು, ಬೆಟ್ಟದ ನೆತ್ತಿಗೆ ಹೋಗಿ ಮತ್ತೆ ಪರದೆ ನೋಡುವುದು ದೇಹಕ್ಕೆ ವಿಶ್ರಾಂತಿಯಲ್ಲ. ಅದು ಖುಷಿ ಕೊಡುವ ಕೆಲಸ, ಆದರೂ ಕೆಲಸವೇ. ಅದಕ್ಕೇ ವಾರ ತುಂಬಾ ಜಗ್ಗಿದಾಗ ಡ್ರೋನ್ ಮನೆಯಲ್ಲೇ ಇರುತ್ತದೆ. ನಾನು ಸುಮ್ನೆ ನಡೆದು ಬರುತ್ತೇನೆ. ಆಫೀಸಿನ ವಾರ ಹಗುರವಾಗಿದ್ದಾಗ, ತಲೆ ಚುರುಕಾಗಿದ್ದಾಗ ಡ್ರೋನ್ ತೆಗೆದುಕೊಂಡು ಹತ್ತಿರದ ಬಯಲಿಗೋ ಸಣ್ಣ ಗುಡ್ಡಕ್ಕೋ ಹೋಗುತ್ತೇನೆ. ಅವತ್ತು ಉದ್ದದ ದಾರಿ ಹಿಡಿಯುವುದಿಲ್ಲ.

ಬೆಟ್ಟದಲ್ಲಿ ಡ್ರೋನ್ ಹಾರಿಸುವುದು ನೋಡಿದಷ್ಟು ಸುಲಭವಲ್ಲ. ಅಮೆರಿಕ, ಯುರೋಪ್, ಭಾರತ ಹೀಗೆ ಹೆಚ್ಚಿನ ಕಡೆ ನೆಲದಿಂದ ಸುಮಾರು 120 ಮೀಟರ್‌ಗಿಂತ ಮೇಲೆ ಹೋಗುವ ಹಾಗಿಲ್ಲ. ಆದರೆ ಪರದೆಯಲ್ಲಿ ಸಾಮಾನ್ಯವಾಗಿ ಕಾಣುವ ಎತ್ತರ ನೆಲದಿಂದ ಅಳೆದದ್ದಲ್ಲ, ಹೊರಟ ಜಾಗದಿಂದ ಅಳೆದದ್ದು. ಬಂಡೆಯ ಅಂಚಿನಲ್ಲಿ ನಿಂತು 50 ಮೀಟರ್ ಎತ್ತರಕ್ಕೆ ಬಿಟ್ಟು ಕಣಿವೆಯ ಕಡೆ ಕಳಿಸಿದರೆ, ಪರದೆ 50 ಅಂತಲೇ ತೋರಿಸುತ್ತಿರುತ್ತದೆ. ಕೆಳಗೆ ನೆಲವೋ ಇನ್ನೂರು ಮೀಟರ್ ಇಳಿದುಹೋಗಿರುತ್ತದೆ. ಏರು ಇರುವ ಕಡೆ ಕಳಿಸಿದರೆ ಇದರ ಉಲ್ಟಾ. ಅದೇ 50 ಮೀಟರಿನಲ್ಲಿ ಹೋಗಿ ಹೋಗಿ ಮರಕ್ಕೋ ಗುಡ್ಡಕ್ಕೋ ಬಡಿಯಬಹುದು. ಸಿಗ್ನಲ್ ತಪ್ಪಿದರೆ ಹೊರಟ ಜಾಗಕ್ಕೆ ತಾನೇ ವಾಪಸ್ ಬರುವ ಸೌಲಭ್ಯ ಇರುತ್ತದೆ, ರಿಟರ್ನ್ ಟು ಹೋಮ್ ಅನ್ನುತ್ತಾರೆ. ಅದು ಯಾವ ಎತ್ತರದಲ್ಲಿ ಬರಬೇಕು ಅಂತ ನಾವೇ ಮೊದಲು ಹೇಳಿರಬೇಕು. ಸುತ್ತಲಿನ ಮರ, ಬಂಡೆಗಳಿಗಿಂತ ಮೇಲೆ ಇಟ್ಟಿರದಿದ್ದರೆ ನೇರ ಬಂದು ಅವುಗಳಿಗೇ ಹೊಡೆಯಬಹುದು.

ಬ್ಯಾಟರಿಯದು ಇನ್ನೊಂದು ಕಥೆ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ನಾನು ಅವನ್ನು ಜಾಕೆಟ್ಟಿನ ಒಳಜೇಬಿನಲ್ಲಿ, ಮೈ ಬಿಸಿಗೆ ತಾಗುವ ಹಾಗೆ ಇಟ್ಟುಕೊಳ್ಳುತ್ತೇನೆ. ಬೆಟ್ಟದ ನೆತ್ತಿಯಲ್ಲಿ ಗಾಳಿ ಸಾಮಾನ್ಯವಾಗಿ ಜಾಸ್ತಿ. ಗಾಳಿ ಬೀಸುವ ಕಡೆಗೇ ಹೋಗುವಾಗ ಡ್ರೋನ್ ಸಲೀಸಾಗಿ ಓಡುತ್ತದೆ, ಬ್ಯಾಟರಿ ಖಾಲಿಯಾಗುವುದೇ ಕಾಣಿಸುವುದಿಲ್ಲ. ತಿರುಗಿ ಬರುವಾಗ ಎದುರುಗಾಳಿ. ಅದಕ್ಕೆ ಮೊದಲು ಗಾಳಿಗೆ ಎದುರಾಗಿ ಕಳಿಸಿ, ವಾಪಸ್ ಬರುವಾಗ ಗಾಳಿಯ ಜೊತೆ ಬರುವ ಹಾಗೆ ನೋಡಿಕೊಳ್ಳಬೇಕು. ಬೆಳಗಿನ ಹೊತ್ತು ಗಾಳಿ ಶಾಂತವಾಗಿರುತ್ತದೆ, ಬೆಳಕೂ ಚೆಂದ. ಬಿಸಿಲೇರಿದ ಮೇಲೆ ಇಳಿಜಾರುಗಳಲ್ಲಿ ಬಿಸಿಗಾಳಿ ಮೇಲೇಳುತ್ತದೆ, ಸಣ್ಣ ಡ್ರೋನ್ ಓಲಾಡುತ್ತದೆ.

ಎಲ್ಲೆಂದರಲ್ಲಿ ಹಾರಿಸುವಂತೆಯೂ ಇಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ನಿಷೇಧ ಇದೆ. ನನಗೆ ಅದು ಸರಿ ಅನ್ನಿಸುತ್ತದೆ. ಎಷ್ಟೋ ದೂರದಿಂದ ಮೌನ ಹುಡುಕಿಕೊಂಡು ಬಂದವರ ತಲೆಯ ಮೇಲೆ ಜೇನುಹುಳದ ಹಾಗೆ ಗುಂಯ್‌ಗುಡುವ ಯಂತ್ರ ಯಾಕೆ? ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಇನ್ನೂ ಹುಷಾರಾಗಿರಬೇಕು. ಹದ್ದು, ಗಿಡುಗಗಳು ಡ್ರೋನನ್ನು ತಮ್ಮ ಜಾಗಕ್ಕೆ ನುಗ್ಗಿದ ಶತ್ರು ಅಂತ ತಿಳಿದು ಎರಗುತ್ತವೆ. ಅಂಥ ಹಕ್ಕಿ ಕಂಡರೆ ನಾನು ಕೆಳಗಿಳಿಸಿಬಿಡುತ್ತೇನೆ.

ಇನ್ನು ವಿಡಿಯೋ. ಟೈಮ್ ನಿಜವಾಗಿ ತಿನ್ನುವುದು ಇದೇ. ಹಾರಿಸುವುದು ಅರ್ಧ ಗಂಟೆ, ಆಮೇಲೆ ಕತ್ತರಿಸಿ ಜೋಡಿಸುವುದು ನಾಲ್ಕು ಸಂಜೆ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದ 4ಕೆ ವಿಡಿಯೋ ನಿಮಿಷಕ್ಕೆ ಸುಮಾರು 750 ಎಂಬಿ ಆಗುತ್ತದೆ. ಒಂದು ದಿನದ್ದನ್ನು ಎತ್ತಿಟ್ಟರೆ ಕಂಪ್ಯೂಟರ್ ತುಂಬುತ್ತದೆ, ಆಫೀಸಿನಿಂದ ಬಂದು ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂರಬೇಕಾಗುತ್ತದೆ. ಅದಕ್ಕೆ ನಾನು ಚೆನ್ನಾಗಿರುವ ಒಂದೆರಡು ತುಣುಕು ಇಟ್ಟುಕೊಂಡು ಉಳಿದದ್ದನ್ನು ಅವತ್ತೇ ಅಳಿಸಿಬಿಡುತ್ತೇನೆ. ಲೈಕ್ಸ್‌ಗಾಗಿ ಹಾಕುವುದೂ ಇಲ್ಲ. ಹಾಕಲು ಶುರುಮಾಡಿದರೆ ಮುಂದಿನ ವಾರ ಇದಕ್ಕಿಂತ ಚೆಂದದ್ದು ಬೇಕು ಅನ್ನಿಸುತ್ತದೆ. ಆಮೇಲೆ ಅದಕ್ಕೂ ಒಂದು ಡೆಡ್‌ಲೈನ್! ನಿಮಗೆ ಕಳಿಸುವುದೇ ನನಗೆ ಸಾಕು.

ಅಮ್ಮ, ಈಗ ನಿನ್ನ ಭಯದ ಬಗ್ಗೆ. ಉದ್ದದ ದಾರಿಗೆ ನಾನು ಒಬ್ಬಳೇ ಹೋಗುವುದಿಲ್ಲ, ಜೊತೆಗೆ ಯಾರಾದರೂ ಇರುತ್ತಾರೆ. ಒಬ್ಬಳೇ ಹೋಗುವುದು ಜನ ಓಡಾಡುವ, ಗುರುತಿರುವ ಹಾದಿಯಲ್ಲಿ ಮಾತ್ರ. ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಬ್ಬ ಗೆಳತಿಗೆ ಬರೆದು ಕಳಿಸಿರುತ್ತೇನೆ. ಆ ಹೊತ್ತಿಗೆ ನನ್ನಿಂದ ಸುದ್ದಿ ಬರದಿದ್ದರೆ ಅವಳು ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಅದರಲ್ಲಿ ಇರುತ್ತದೆ.

ಹೊತ್ತಿನ ಲೆಕ್ಕಕ್ಕೆ ಒಂದು ಹಳೆಯ ಸೂತ್ರ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ ಹೇಳಿದ್ದು. ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಜಾಸ್ತಿ. 15 ಕಿಲೋಮೀಟರ್ ದಾರಿಯಲ್ಲಿ 900 ಮೀಟರ್ ಏರು ಇದ್ದರೆ ನಾಲ್ಕೂವರೆ ಗಂಟೆ. ಕೂತು ಸುಧಾರಿಸಿಕೊಳ್ಳುವುದು ಇದರಲ್ಲಿ ಸೇರಿಲ್ಲ. ವಾರವೆಲ್ಲ ಕುರ್ಚಿಯಲ್ಲಿ ಕೂರುವವರು ಇನ್ನಷ್ಟು ಸೇರಿಸಿಕೊಳ್ಳುವುದೇ ಒಳ್ಳೆಯದು. ಡ್ರೋನ್ ಒಯ್ದರಂತೂ ಈ ಲೆಕ್ಕ ಪೂರ್ತಿ ಕೆಡುತ್ತದೆ. ಅದಕ್ಕೂ ಎರಡನ್ನೂ ಬೇರೆ ದಿನ ಇಟ್ಟುಕೊಂಡಿದ್ದೇನೆ. ಇಷ್ಟು ಗಂಟೆಗೆ ತಿರುಗಬೇಕು ಅಂತ ಹೊರಡುವಾಗಲೇ ಗೊತ್ತು ಮಾಡಿರುತ್ತೇನೆ. ತುದಿ ಕಣ್ಣೆದುರಿಗಿದ್ದರೂ ಆ ಹೊತ್ತಿಗೆ ತಿರುಗುತ್ತೇನೆ.

ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಚಳಿ ಹೆಚ್ಚುತ್ತದೆ, ಆದ್ದರಿಂದ ಕೆಳಗೆ ಎಷ್ಟೇ ಬಿಸಿಲಿದ್ದರೂ ಬೆಚ್ಚನೆಯದು ಒಂದು ಚೀಲದಲ್ಲಿ ಇರುತ್ತದೆ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳುತ್ತೇನೆ. ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕಿ ಹುಡುಕಿಯೇ ಚಾರ್ಜ್ ಕಳೆದುಕೊಳ್ಳುತ್ತದೆ. ಹಾಗಾಗಿ ಏರೋಪ್ಲೇನ್ ಮೋಡ್‌ಗೆ ಹಾಕಿರುತ್ತೇನೆ. ಶನಿವಾರ ನನ್ನ ಫೋನ್ ಸಿಗಲಿಲ್ಲ ಅಂದರೆ ಕಾರಣ ಅದು. ದಯವಿಟ್ಟು ಗಾಬರಿಯಾಗಬೇಡ ಅಮ್ಮ.

ಪುಟ್ಟ, ನಿನಗೆ ಬೇಸರವಾಗಬಹುದು, ಆದರೆ ಡ್ರೋನ್ ತರಲಾರೆ. 2022ರ ಫೆಬ್ರುವರಿಯಲ್ಲಿ ಭಾರತ ಸರ್ಕಾರ ವಿದೇಶದಿಂದ ಡ್ರೋನ್ ಆಮದು ಮಾಡುವುದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ ಕೊಟ್ಟಿತು. ನಿನ್ನ ಹವ್ಯಾಸಕ್ಕೆ ಅಂತ ಸೂಟ್‌ಕೇಸಿನಲ್ಲಿ ತಂದು ಕಸ್ಟಮ್ಸ್‌ನವರ ಕೈಗೆ ಕೊಡುವುದು ಬೇಡ. ಅಲ್ಲೇ ತಯಾರಾದದ್ದನ್ನು ನೋಡು. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದನ್ನು ನ್ಯಾನೊ ಅನ್ನುತ್ತಾರೆ, ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಎಲ್ಲಿ ಹಾರಿಸಬಹುದು ಅನ್ನುವುದನ್ನು ಮಾತ್ರ ಸರ್ಕಾರದ ನಕ್ಷೆಯಲ್ಲಿ ನೋಡಿಕೊಂಡೇ ಹೋಗು. ಕೆಂಪು ಅಂತ ಗುರುತಿಸಿದ ಕಡೆ ತಲೆ ಹಾಕಬೇಡ. ಶುರುವಿನಲ್ಲಿ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಕೈ ಪಳಗಿಸಿಕೊ. ಡ್ರೋನಿನ ಮುಖ ನಿನ್ನ ಕಡೆ ತಿರುಗಿದಾಗ ಎಡ ಬಲ ಅದಲುಬದಲಾಗುತ್ತದೆ. ಅದು ಕೈಗೆ ಕೂತರೆ ಅರ್ಧ ಕಲಿತ ಹಾಗೆ. ಹಾರಿಸದ ವಾರಗಳಲ್ಲಿ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಇಡಬೇಡ. ಅರ್ಧದ ಆಸುಪಾಸಿನಲ್ಲಿಟ್ಟರೆ ಬಾಳಿಕೆ ಬರುತ್ತದೆ.

ನೀನೂ ಈಗ ಇದೇ ಕೆಲಸಕ್ಕೆ ಸೇರಿದ್ದೀಯ. ಮೊದಲ ವರ್ಷ ರಜೆ ಕೇಳಲು ಹಿಂಜರಿಕೆ ಇರುತ್ತದೆ, ನನಗೆ ಗೊತ್ತು. ಹಾಗಂತ ಎಲ್ಲವನ್ನೂ ಮುಂದೂಡಬೇಡ. ಡ್ರೋನಿಗೆ ದುಡ್ಡು ಕೂಡಿಸುವ ಮೊದಲು ಒಂದು ಜೊತೆ ಒಳ್ಳೆಯ ಶೂ ಕೊಂಡು ನಡೆಯಲು ಶುರುಮಾಡು.

ಮುಂದಿನ ವಾರ ನನ್ನ ಆನ್‌ಕಾಲ್ ಸರದಿ. ಮನೆಯಲ್ಲೇ ಇರುತ್ತೇನೆ, ಯಾವಾಗ ಬೇಕಾದರೂ ಫೋನ್ ಮಾಡಿ. ಅಪ್ಪ, ರಜೆಗೆ ಬಂದಾಗ ನಿಮ್ಮ ಜೊತೆ ಬೆಳಗಿನ ವಾಕಿಂಗಿಗೆ ಬರುತ್ತೇನೆ, ನಿಮ್ಮ ಮಂಡಿ ಒಪ್ಪಿದರೆ ಒಂದು ಸಣ್ಣ ಗುಡ್ಡವನ್ನೂ ನಿಧಾನವಾಗಿ ಹತ್ತೋಣ. ಇಳಿಯುವಾಗಲೇ ಮಂಡಿಗೆ ಭಾರ ಜಾಸ್ತಿ. ಹಾಗಾಗಿ ನಿಮಗೆ ಒಂದು ಜೊತೆ ಟ್ರೆಕ್ಕಿಂಗ್ ಕೋಲು ತರುತ್ತಿದ್ದೇನೆ. ನಿಮ್ಮ ಎತ್ತರ ಎಷ್ಟು ಅಂತ ಅಮ್ಮನ ಹತ್ತಿರ ಅಳತೆ ಹಿಡಿಸಿ ತಿಳಿಸಿ.

ನಿಮ್ಮ ಪ್ರೀತಿಯ ಮಗಳು