ಸೀನನಿಗೊಂದು ಪತ್ರ: ನಿನ್ನ ಎಕ್ಸೆಲ್ ಶೀಟಿನ ವಿಚಾರವಾಗಿ

ಲೋ ಸೀನ,

ದಸರಾ ರಜೆಯಲ್ಲಿ ನಾವೆರಡೂ ಮನೆಯವರು ಬಿಡದಿ ಹತ್ತಿರದ ವಂಡರ್‌ಲಾ ಪಾರ್ಕಿಗೆ ಹೋಗೋಕೆ ನೀನು ಮಾಡಿದ ಶೀಟ್ ನೋಡಿದೆ. ಬೆಳಗ್ಗೆ ಹತ್ತೂವರೆಯಿಂದ ಸಂಜೆ ಆರರ ತನಕ ಹದಿನೈದು ಹದಿನೈದು ನಿಮಿಷಕ್ಕೊಂದು ಸಾಲು, ಪ್ರತಿ ಸಾಲಿನ ಕೊನೇ ಖಾನೆಯಲ್ಲಿ ‘ಎಲ್ಲರೂ ಒಟ್ಟಿಗೆ’. ನಿನ್ನ ಆಫೀಸಿನ ಆಡಿಟ್‌ಗೂ ನೀನು ಇಷ್ಟು ಶ್ರದ್ಧೆ ತೋರಿಸಿದವನಲ್ಲ. ಉತ್ತರಾನ ನಿನಗೊಬ್ಬನಿಗೇ ಕಳಿಸಿದ್ರೆ ಓದದೇ ಹೆಬ್ಬೆರಳು ಒತ್ತಿ ಸುಮ್ಮನಾಗ್ತೀಯ. ಇಲ್ಲಿ ನಾಲ್ಕು ಜನರ ಮುಂದೆ ಹಾಕಿದ್ರೆ ನಿನ್ನ ಹೆಂಡ್ತಿ ಸುಮ ಓದ್ತಾಳೆ. ಅವಳು ಓದಿದ ಮೇಲೆ ನಿನಗೆ ಬೇರೆ ದಾರಿ ಇರಲ್ಲ.

ಮೊದಲು ದಿನ. ಊರವರೆಲ್ಲ ಜಂಬೂಸವಾರಿ ಅಂತ ಮೈಸೂರಿಗೆ ಬರುವಾಗ ನೀನು ಮೈಸೂರು ಬಿಟ್ಟು ಬಿಡದಿಗೆ ಓಡಿ ಬರೋದು ನನಗೆ ಅರ್ಥ ಆಗುತ್ತೆ, ಹೋದ ಸಲದ ನೆಂಟರನ್ನ ನಾನೂ ನೋಡಿದೀನಿ. ಆದ್ರೆ ಆಯುಧಪೂಜೆಯ ಆಚೀಚೆ ಬೇಡ, ಶನಿವಾರ ಭಾನುವಾರ ಬೇಡವೇ ಬೇಡ. ರಜೆ ಶುರುವಾದ ಕೂಡಲೇ ಬರೋ ಮಂಗಳವಾರಾನೋ ಬುಧವಾರಾನೋ ಹಿಡಿ. ಡಿಸೆಂಬರ್‌ಗೆ ಮುಂದೂಡೋಣ ಅಂದ್ಯಲ್ಲ, ಆಗ ವಾರದ ದಿನಗಳಲ್ಲೂ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಂತಿರ್ತವೆ. ಅಕ್ಟೋಬರಿನ ಒಂದೇ ತೊಂದರೆ ಮಳೆ. ಬರೋದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಗುಡುಗು ಮಿಂಚಿನ ಜೊತೆ. ಮಿಂಚು ಬಂತು ಅಂದ್ರೆ ಎತ್ತರದ ರೈಡುಗಳನ್ನೆಲ್ಲ ನಿಲ್ಲಿಸ್ತಾರೆ. ಅದಕ್ಕೇ ಎತ್ತರದ್ದೆಲ್ಲ ಬೆಳಗ್ಗೆ ಮುಗಿಸಬೇಕು. ನಿನ್ನ ಶೀಟಿನಲ್ಲಿ ಅವು ನಾಲ್ಕು ಗಂಟೆಗಿವೆ.

ದಾರಿ ಬಗ್ಗೆ ಒಂದೇ ಮಾತು. ಎಕ್ಸ್‌ಪ್ರೆಸ್‌ವೇನಲ್ಲಿ ಎಲ್ಲೆಂದರಲ್ಲಿ ಇಳಿಯೋಕಾಗಲ್ಲ. ಬಿಡದಿ ಬರೋ ಮುಂಚೆನೇ ಸರ್ವೀಸ್ ರಸ್ತೆಗೆ ಇಳಿದುಬಿಡು, ಇಲ್ಲದಿದ್ರೆ ನಮ್ಮ ಕೆಂಗೇರಿ ಕಡೆ ಬಂದು ವಾಪಸ್ ತಿರುಗಬೇಕಾಗುತ್ತೆ.

ಇನ್ನು ನಿನ್ನ ಚಿಕ್ಕ ಮಗಳ ಎತ್ತರ. ಇದನ್ನ ಇವತ್ತು ರಾತ್ರಿನೇ ಅಳೆದುಬಿಡು. ವಂಡರ್‌ಲಾದಲ್ಲಿ ಟಿಕೆಟ್ಟಿಗೆ ವಯಸ್ಸು ಕೇಳಲ್ಲ, ಎತ್ತರ ನೋಡ್ತಾರೆ. ಲೆಕ್ಕ 140 ಸೆಂಟಿಮೀಟರ್. ಅದಕ್ಕಿಂತ ಕಮ್ಮಿ ಇದ್ರೆ ಮಕ್ಕಳ ಟಿಕೆಟ್, ಆದ್ರೆ ದೊಡ್ಡ ರೈಡುಗಳಲ್ಲಿ ಬಹಳಷ್ಟಕ್ಕೆ ಹತ್ತಿಸಲ್ಲ. ಅಂದ್ರೆ 139 ಇದ್ರೆ ನಿನ್ನ ಜೇಬಿಗೆ ಲಾಭ, ಅವಳ ಕಣ್ಣಲ್ಲಿ ನೀರು. ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸು, ಜುಟ್ಟು ಬಿಚ್ಚಿಸು, ತಲೆ ಮೇಲೆ ದಪ್ಪ ಪುಸ್ತಕ ಮಟ್ಟಸವಾಗಿಟ್ಟು ಗೋಡೆಗೆ ಪೆನ್ಸಿಲ್ ಗುರುತು ಹಾಕು. ರಾತ್ರಿ ಯಾಕೆ ಅಂದ್ರೆ, ಮನುಷ್ಯ ಬೆಳಗ್ಗೆ ಇದ್ದಷ್ಟು ಉದ್ದ ಸಂಜೆ ಇರಲ್ಲ. ದಿನವಿಡೀ ನಿಂತು ಕೂತು ಬೆನ್ನುಮೂಳೆಯ ಬಿಲ್ಲೆಗಳು ಅಮುಕಿ ಒಂದು ಸೆಂಟಿಮೀಟರಿನಷ್ಟು ಇಳೀತಾನೆ. ಬೆಳಗ್ಗೆ 140 ಅಂತ ಮಾತು ಕೊಟ್ಟು, ನಾಲ್ಕು ಗಂಟೆಗೆ ಅಳತೆಗೋಲಿನ ಮುಂದೆ ಮಾತು ತಪ್ಪೋದು ಬೇಡ. ಕಮ್ಮಿ ಬಂದ್ರೆ ಮನೆಯಲ್ಲೇ ಹೇಳಿಬಿಡು, ಅಳು ಮೈಸೂರಲ್ಲೇ ಮುಗಿದುಹೋಗಲಿ.

ಈಗ ಕ್ಯೂ. ನೀನು ಎಲ್ಲ ರೈಡಿಗೂ ಹದಿನೈದೇ ನಿಮಿಷ ಬರೆದಿದ್ದೀಯ. ಕ್ಯೂ ಉದ್ದ ನೋಡಿ ಸಮಯ ಅಂದಾಜು ಮಾಡೋಕಾಗಲ್ಲ ಮಾರಾಯ, ಒಂದು ಸುತ್ತಿಗೆ ಎಷ್ಟು ಜನ ಹತ್ತುತ್ತಾರೆ, ಒಂದು ಸುತ್ತು ಎಷ್ಟು ಹೊತ್ತಿಗೆ ಮುಗಿಯುತ್ತೆ ಅನ್ನೋದನ್ನ ನೋಡಬೇಕು. ರಿಕಾಯಿಲ್ ಅನ್ನೋ ರೋಲರ್ ಕೋಸ್ಟರನ್ನೇ ತಗೋ. ಗಾಡಿಯನ್ನ ಹಿಂದಕ್ಕೆ ಎಳೆದು ಮೇಲಕ್ಕೆ ಒಯ್ದು ಬಿಡ್ತಾರೆ, ಅದು ಸುರುಳಿ ಹೊಡೆದು ಆ ತುದಿಗೆ ಹತ್ತುತ್ತೆ, ಅದೇ ಹಳಿಯಲ್ಲಿ ಹಿಂದುಹಿಂದಕ್ಕೇ ವಾಪಸ್ ಬರುತ್ತೆ. ಹೋಗೋದೂ ಬರೋದೂ ಒಂದೇ ಹಳಿ, ಹಾಗಾಗಿ ಓಡೋದೂ ಒಂದೇ ಗಾಡಿ. ಅದು ನಿಂತು, ಜನ ಇಳಿದು, ಇನ್ನೊಂದು ತಂಡ ಹತ್ತಿ, ಸಿಬ್ಬಂದಿ ಒಬ್ಬೊಬ್ಬರ ಭುಜದ ಸರಳು ಅಲ್ಲಾಡಿಸಿ ನೋಡೋ ತನಕ ಕ್ಯೂ ಒಂದು ಹೆಜ್ಜೆ ಮುಂದಕ್ಕೆ ಹೋಗಲ್ಲ. ಗೋಪುರದಿಂದ ಬೀಳಿಸೋ ರೈಡಿನದ್ದೂ ಇದೇ ಕತೆ. ಅದೇ ಅಲೆಯ ಕೊಳಕ್ಕೆ ಕ್ಯೂ ಅನ್ನೋದೇ ಇಲ್ಲ, ಎಷ್ಟು ಜನ ಬೇಕಾದ್ರೂ ಇಳೀತಾರೆ. ಗೇಟು ತೆಗೆದ ಮೊದಲ ಒಂದು ಗಂಟೆ ಇಂಥ ನಿಧಾನದ ಕ್ಯೂಗಳಿಗೇ ಮೀಸಲಿಡು. ಗೇಟಿನ ಹತ್ತಿರ ಮೊದಲು ಕಾಣೋ ರೈಡಿಗೆ ಹತ್ತೋದು ಹೊಸಬರು ಮಾಡೋ ತಪ್ಪು, ಅದರಲ್ಲೇ ಚಿನ್ನದಂಥ ಅರ್ಧ ಗಂಟೆ ಹೋಗಿರುತ್ತೆ. ಸುಮಾರು ಮಧ್ಯಾಹ್ನದ ಹೊತ್ತಿಗೆ ನೀರಿನ ರೈಡು ತೆಗೀತಾರೆ, ಜನ ಎಲ್ಲ ಆ ಕಡೆ ಓಡ್ತಾರೆ. ಆಗ ಡ್ರೈ ರೈಡುಗಳ, ಅಂದ್ರೆ ನೀರಿಲ್ಲದವುಗಳ ಕ್ಯೂ ಸವೆಯುತ್ತೆ. ನೀವು ಓಡಬೇಡಿ, ಇನ್ನೊಂದು ಮುಕ್ಕಾಲು ಗಂಟೆ ಡ್ರೈನಲ್ಲೇ ಇರಿ.

ಉದ್ದ ಕ್ಯೂ ತಪ್ಪಿಸೋ ಫಾಸ್ಟ್‌ಟ್ರ್ಯಾಕ್ ಟಿಕೆಟ್ ನಿಮ್ಮ ಐದು ಜನಕ್ಕೂ ಅಂತ ಬರೆದಿದ್ದೀಯ. ಮಂಗಳವಾರ ಆದ್ರೆ ಯಾರಿಗೂ ಬೇಡ. ಭಾನುವಾರವೇ ಬರ್ತೀನಿ ಅಂತ ಹಟ ಮಾಡಿದ್ರೆ ದೊಡ್ಡ ಮಕ್ಕಳಿಬ್ಬರಿಗೆ ಮಾತ್ರ ತಗೋ. ನಿನಗೂ ಸುಮಾಗೂ ಅದು ದಂಡ. ನೀನು ಎಷ್ಟು ರೈಡು ಹತ್ತೋನು ಅಂತ ನನಗೂ ಗೊತ್ತು, ಚಾಮುಂಡಿ ಬೆಟ್ಟದ ಮೆಟ್ಟಿಲಿಗೂ ಗೊತ್ತು. ಕಾಲೇಜಿನವಳ ಐಡಿ ಕಾರ್ಡ್ ಮರೀಬೇಡ, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡ್ತಾರೆ. ಬುಕ್ ಮಾಡುವಾಗಲೇ ಷರತ್ತು ಓದಿಕೋ.

ಒಣಗಿದ್ದರಿಂದ ಒದ್ದೆಗೆ ಒಂದೇ ಸಲ ಹೋಗಬೇಕು, ವಾಪಸ್ ಬರಬಾರದು. ಶೀಟಿನಲ್ಲಿ ನೀನು ನಾಲ್ಕು ಸಲ ಓಡಾಡಿಸಿದ್ದೀಯ. ಐದು ಜನ ಬಟ್ಟೆ ಬದಲಿಸಿ, ಲಾಕರ್ ತೆಗೆದು ಹಾಕಿ, ಒಬ್ಬರ ಟವೆಲ್ ಹುಡುಕಿ, ಇನ್ನೊಬ್ಬರ ಬಾಚಣಿಗೆಗೆ ಕಾದು ಹೊರಡೋಕೆ ನಲವತ್ತು ನಿಮಿಷ ಖಂಡಿತ ಬೇಕು. ನಾಲ್ಕು ಸಲ ಅಂದ್ರೆ ಬಟ್ಟೆ ಬದಲಿಸೋಕೇ ಟಿಕೆಟ್ ತಗೊಂಡಂಗೆ.

ಬಟ್ಟೆ ವಿಷಯ ಸ್ವಲ್ಪ ಗಮನ ಇಟ್ಟು ಓದು. ನೀರಿಗೆ ಕಾಟನ್ ಬಿಡಲ್ಲ, ಜೀನ್ಸ್ ಬಿಡಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಇರಬೇಕು. ಇದು ಸುಮ್ಮನೆ ಅಂಗಡಿ ನಡೆಸೋಕೆ ಮಾಡಿದ ನಿಯಮ ಅಂದ್ಕೋಬೇಡ. ಕಾಟನ್ನಿನ ನೂಲು ಉದುರಿ ಫಿಲ್ಟರ್ ಕಟ್ಟಿಕೊಳ್ಳುತ್ತೆ, ನೀರು ಕುಡಿದು ಭಾರ ಆಗಿ ಮೈಗೆ ಜೋತು ಬೀಳುತ್ತೆ. ಲೋಹದ ಜಿಪ್ಪು ಗುಂಡಿ ಇದ್ರೆ ಜಾರುಬಂಡೆಯ ಫೈಬರ್ ಕೆರೆದು, ಹಿಂದೆ ಬರೋರ ಮೈ ತರಚುತ್ತೆ. ಅಲ್ಲಿ ಹೋಗಿ ಕೊಳ್ಳೋ ಬದಲು ಮೊದಲೇ ತಗೊಂಡು, ಮನೆಯಲ್ಲಿ ಒಮ್ಮೆ ಹಾಕಿ ಕೂತು ಎದ್ದು ನೋಡೋಕೆ ಹೇಳು. ದೊಡ್ಡವಳಿಗೆ ತುಂಬುತೋಳಿನದ್ದು, ಕಾಲು ಮುಚ್ಚೋ ಲೆಗ್ಗಿಂಗ್ಸ್ ಸಿಗುತ್ತೆ. ಅವಳೇ ಆರಿಸಲಿ, ನೀನು ಅಂಗಡಿ ಹೊರಗೆ ನಿಂತಿರು. ಇನ್ನೊಂದು, ದಿನ ಗೊತ್ತು ಮಾಡೋ ಮುಂಚೆ ಸುಮ ಅವಳ ಹತ್ತಿರ ಕ್ಯಾಲೆಂಡರ್ ಇಟ್ಟುಕೊಂಡು ಮಾತಾಡಲಿ. ತಿಂಗಳ ಲೆಕ್ಕ ತಪ್ಪಿ ಆ ದಿನಾನೇ ಬಂತು ಅಂದ್ರೆ ಹದಿನಾರರ ಹುಡುಗಿ ಕಾರಣ ಹೇಳಲ್ಲ, ‘ನನಗೆ ಇಷ್ಟ ಇಲ್ಲ’ ಅಂತಾಳೆ. ನೀನು ಅದನ್ನ ಮೊಂಡುತನ ಅಂದ್ಕೊಂಡು ದಿನವಿಡೀ ಮುಖ ಊದಿಸ್ಕೊಂಡಿರ್ತೀಯ.

ನಡುವಿನವನ ಕನ್ನಡಕ. ಜೋರಿನ ರೈಡುಗಳಲ್ಲಿ ತೆಗೆಸ್ತಾರೆ. ಹಳೇ ಕನ್ನಡಕ ಒಂದಿದ್ರೆ ಅದನ್ನೇ ಹಾಕಿಸ್ಕೊಂಡು ಬಾ, ಹಿಂದೆ ಕಟ್ಟೋ ದಾರ ಇರಲಿ. ಅಲೆಯ ಕೊಳದಲ್ಲಿ ಬಿದ್ದ ಕನ್ನಡಕ ಹುಡುಕಿ ತೆಗೆದವರಿಲ್ಲ. ಹವಾಯಿ ಚಪ್ಪಲಿ ಬೇಡ, ಪಟ್ಟಿ ಇರೋ ಸ್ಯಾಂಡಲ್ ಸಾಕು.

ಊಟ. ಎಲ್ಲರೂ ಒಂದರಿಂದ ಎರಡರ ನಡುವೆ ತಿಂತಾರೆ, ನೀವು ಹನ್ನೆರಡಕ್ಕೋ ಎರಡೂವರೆಗೋ ತಿನ್ನಿ. ಹೊರಗಿನ ಊಟ ಒಳಗೆ ಬಿಡಲ್ಲ, ಸುಮ ಪುಳಿಯೋಗರೆ ಕಲಸೋ ಕಷ್ಟ ತಗೋಬೇಡ ಅನ್ನು. ಪೂರಿ, ಗೋಬಿ ಥರದ್ದು ಬೇಡ, ಮೊಸರನ್ನ ತಿಂದವನು ಗೆದ್ದ. ತಿಂದಾದ ಮೇಲೆ ಒಂದು ಗಂಟೆ ಗಿರಗಿರ ತಿರುಗೋ ರೈಡಿಗೆ ಯಾರೂ ಹತ್ತಬಾರದು. ಹೊಟ್ಟೆ ತೊಳೆಸೋದು ಎತ್ತರಕ್ಕಲ್ಲ, ತಿರುಗೋದಕ್ಕೆ. ತಿರುಗ್ತಾ ಇದ್ದೀವಿ ಅಂತ ಕಿವಿ ಹೇಳುತ್ತೆ, ಕೂತಿದ್ದೀವಿ ಅಂತ ಕಣ್ಣು ಹೇಳುತ್ತೆ, ಇಬ್ಬರ ಜಗಳ ಹೊಟ್ಟೆಗೆ ಬರುತ್ತೆ. ದೂರದ್ದೇನಾದರೂ ನೋಡೋಕೆ ಹೇಳು. ನಿನಗೆ ಬಿಪಿ, ನನಗೆ ಕತ್ತು. ನಾವಿಬ್ಬರೂ ರೈಡಿನ ಬಾಗಿಲಲ್ಲಿರೋ ಬೋರ್ಡು ಓದಿ ಗೌರವದಿಂದ ಹಿಂದೆ ಸರಿಯೋಣ.

ಈಗ ‘ಎಲ್ಲರೂ ಒಟ್ಟಿಗೆ’. ಹದಿನಾರು, ಹದಿನಾಲ್ಕು, ಹನ್ನೊಂದು, ಜೊತೆಗೆ ನನ್ನ ಮಗ ಹದಿನೈದು. ಇವರನ್ನ ಒಟ್ಟಿಗೆ ನಡೆಸ್ತೀನಿ ಅಂತ ಹೊರಟ್ರೆ ಅತಿ ಪುಕ್ಕಲನ ವೇಗಕ್ಕೆ ಎಲ್ಲರೂ ನಡೀಬೇಕು. ಅದು ನಾನು. ಆದ್ದರಿಂದ ಬಿಟ್ಟುಬಿಡು. ಒಬ್ಬೊಬ್ಬರೇ ಹೋಗಬಾರದು, ಇಬ್ಬಿಬ್ಬರು ಜೊತೆ ಇರಬೇಕು, ಅಲೆಯ ಕೊಳಕ್ಕೆ ಮಾತ್ರ ದೊಡ್ಡವರಿಲ್ಲದೆ ಇಳೀಬಾರದು. ಒಂದು ಜಾಗ, ಎರಡು ಹೊತ್ತು ಗೊತ್ತು ಮಾಡು: ಹನ್ನೆರಡಕ್ಕೆ, ಐದಕ್ಕೆ, ಲಾಕರ್ ಹತ್ತಿರ. ನೂರಿನ್ನೂರು ರೂಪಾಯಿಯ ಡಿಜಿಟಲ್ ವಾಚು ಎಲ್ಲರ ಕೈಗೂ ಕಟ್ಟು. ಮೊಬೈಲುಗಳೆಲ್ಲ ಲಾಕರ್‌ನಲ್ಲಿ. ನೀರು ತಾಗದ ಕವರು ಕೊರಳಿಗೆ ಹಾಕ್ಕೊಂಡು ಜಾರಿದ್ರೆ ದಾರ ಎಲ್ಲಿಗಾದ್ರೂ ಸಿಕ್ಕಿಕೊಳ್ಳುತ್ತೆ, ಕವರಿನ ಬಾಯಿ ಸಡಿಲ ಆಗುತ್ತೆ. ನಿನ್ನ ನಂಬರ್ ಮಕ್ಕಳಿಗೆ ಬಾಯಿಪಾಠ ಇದೆಯಾ ಕೇಳಿ ನೋಡು. ಇರಲ್ಲ. ಅವರ ಫೋನಿನಲ್ಲಿ ನೀನು ‘ಅಪ್ಪ’ ಅಷ್ಟೇ, ಹತ್ತು ಅಂಕಿ ಅಲ್ಲ. ಕಲಿಸು.

ನಿನ್ನ ಶೀಟಿನಲ್ಲಿ ಸುಳ್ಳು ಅನ್ನಿಸಿದ ಕಡೆಯೆಲ್ಲ ಆ ‘ಎಲ್ಲರೂ ಒಟ್ಟಿಗೆ’ ಖಾನೆ ಅಳಿಸ್ತಾ ಬಂದೆ. ಉಳಿದದ್ದು ತಿಂಡಿ, ಊಟ, ಐದು ಗಂಟೆಯ ಕಾಫಿ. ಒಟ್ಟು ಒಂದು ಮುಕ್ಕಾಲು ಗಂಟೆ.

ಮೊಬೈಲು ಲಾಕರ್‌ನಲ್ಲಿಡಿ ಅಂದೆನಲ್ಲ ಸೀನ, ಅದು ನೀರಿಗೆ ಹೆದರಿ ಬರೆದದ್ದಲ್ಲ. ಆ ಒಂದು ಮುಕ್ಕಾಲು ಗಂಟೆಯಲ್ಲಿ ಟೇಬಲ್ಲಿನ ಮೇಲೆ ಫೋನ್ ಇರಬಾರದು, ಅಷ್ಟೇ ನನ್ನ ಲೆಕ್ಕ. ಮೂರು ವರ್ಷದ ಹಿಂದೆ ನನ್ನ ಮಗ 138 ಇದ್ದ. ಅಳತೆಗೋಲಿನ ಹತ್ತಿರ ಸಿಬ್ಬಂದಿ ತಲೆ ಅಲ್ಲಾಡಿಸಿದಾಗ ಅಯ್ಯೋ ಅಂತ ಮುಖ ಸಣ್ಣಗೆ ಮಾಡ್ಕೊಂಡು ಇವನ ಬೆನ್ನು ತಟ್ಟಿದೆ. ಒಳಗೊಳಗೆ ಖುಷಿ ಆಗಿತ್ತು. ಆ ದಿನವೆಲ್ಲ ನನ್ನ ಜೊತೆಗೇ ಇದ್ದ, ಬೇರೆ ದಾರಿ ಇರಲಿಲ್ಲ ಅವನಿಗೆ. ಈಗ 169. ಮೊನ್ನೆ ಈ ಪ್ಲಾನು ಹೇಳಿದಾಗ ‘ನೀನೂ ಬರ್ತೀಯಾ’ ಅಂದ. ಕೇಳಿದ್ದು ಪ್ರಶ್ನೆಯೋ, ಬೇರೇನೋ ಅಂತ ಇನ್ನೂ ಗೊತ್ತಾಗಿಲ್ಲ. ಇದನ್ನ ನಮ್ಮನೆಯವಳಿಗೂ ಹೇಳಿಲ್ಲ ನಾನು, ನೋಡು ಎಲ್ಲಿ ಬರೀತಾ ಕೂತಿದೀನಿ.

ಇರಲಿ ಬಿಡು. ವಯಸ್ಸಾದ ಮೇಲೆ ಮನುಷ್ಯನಿಗೆ ರೋಲರ್ ಕೋಸ್ಟರ್ ಹತ್ತದೆಯೂ ತಲೆ ಸುತ್ತುತ್ತೆ.

ತಟ್ಟೆ ಇಡ್ಲಿ ವಿಷಯ ಮರೆತೆ. ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋದ್ರೆ ಪಾಪ, ಆದ್ರೆ ಗೇಟು ತೆಗೆಯೋಕೆ ಎರಡು ಗಂಟೆ ಮುಂಚೆ ತಿಂದು ಮುಗಿಸು, ತಲೆಗೊಂದು ಸಾಕು. ಬೆಣ್ಣೆಯನ್ನ ಚಟ್ನಿ ಥರ ಎರಡನೇ ಸಲ ಕೇಳಬೇಡ. ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರು ಮೂರು ತಾ, ಹೊಸ ಕಾರಿನ ಸೀಟು ನಿನ್ನದು. ಸಂಜೆ ಮೈಸೂರಿಗೆ ಗಾಡಿ ಓಡಿಸೋಕೆ ಆಗುತ್ತೆ ಅಂತ ಜಂಬ ಬೇಡ, ನೀರಿನಲ್ಲಿ ಅರ್ಧ ದಿನ ಆಡಿದವನಿಗೆ ಸ್ಟಿಯರಿಂಗ್ ಹಿಡಿದ ಕೂಡಲೇ ನಿದ್ದೆ ಎಳೆಯುತ್ತೆ. ರಾತ್ರಿ ನಮ್ಮನೆಯಲ್ಲೇ ಉಳ್ಕೊಳ್ಳಿ, ಕೆಂಗೇರಿ ಅಲ್ಲೇ ಪಕ್ಕ.

ಆ ಕೆಂಪು ಟವೆಲ್ ಮಾತ್ರ ತರಬೇಡ. ಸುಮಾಗೆ ಗೊತ್ತು ಯಾಕೆ ಅಂತ.

ನಿನ್ನ,
ಅಳತೆಗೋಲಿನ ಪಕ್ಕದ ಬೆಂಚಿನಲ್ಲಿ ಬ್ಯಾಗ್ ಕಾಯೋನು